ಕೆಳಗಿನಿಂದ ನೋಡಿದ ಚಿತ್ರ

ಹೊಸ ಚಿಪ್‌ನ ಒಂದೊಂದು ಕಾಲೂ ಬೋರ್ಡಿನ ಮೇಲೆ ಎಲ್ಲಿ ಕೂರಬೇಕೆಂಬ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದವನು ನರಹರಿ. ಕೈಪಿಡಿಯಲ್ಲಿದ್ದದ್ದು ಚಿಪ್ ಅನ್ನು ಕೆಳಗಿನಿಂದ ನೋಡಿದ ಚಿತ್ರ. ಅವನು ಅದನ್ನೇ ಮೇಲಿನದೆಂದು ತಿಳಿದು ಎಡಬಲ ಅದಲುಬದಲು ಮಾಡಿದ್ದ. ಅದು ಹೊಳೆಯುವಷ್ಟರಲ್ಲಿ ನಲವತ್ತು ಬೋರ್ಡುಗಳು ತಯಾರಾಗಿ ಬೆಸುಗೆಯ ಮೇಜಿಗೆ ಹೋಗಿದ್ದವು. ಅವನು ಬಾಯಿ ಬಿಡಲಿಲ್ಲ.

ಮರುದಿನ ಮಾಲೀಕರು ಒಂದು ಬೋರ್ಡನ್ನು ಎತ್ತಿ ಹಿಡಿದು ಕೂಗಾಡಿದರು. "ಪುಟ್ಟತಾಯಮ್ಮ, ಕಣ್ಣು ಕಾಣಲ್ವಾ? ಎಲ್ಲಾ ಚಿಪ್‌ನೂ ಅಂಗಾತ ಮಲಗಿಸಿದ್ದೀರಲ್ಲ! ನಾಳೆಯಿಂದ ಬರಬೇಡಿ."

ಬೆಸುಗೆ ಹಾಕುವ ಪುಟ್ಟತಾಯಮ್ಮ ಬುತ್ತಿಯ ಚೀಲ ಎತ್ತಿಕೊಂಡು ಹೊರಟರು. ತಪ್ಪು ತನ್ನ ತಲೆಯಿಂದ ಇಳಿಯಿತೆಂದು ನರಹರಿಗೆ ಉಸಿರು ಬಂತು. ಮರುಗಳಿಗೆ ಆ ಉಸಿರಿಗೇ ನಾಚಿಕೆಯಾಯಿತು. ಗೇಟಿನವರೆಗೂ ಹಿಂದೆಯೇ ಓಡಿದ.

"ಹಿಂಗ್ಯಾಕೆ ಮಾಡಿದ್ರಿ ಅಮ್ಮಾ?"

"ಮೊದಲನೇದು ನೆಟ್ಟಗೇ ಇಟ್ಟಿದ್ದೆ ಸಾರ್. ಎಡಗಾಲಿನ ಜಾಗಕ್ಕೆ ಬಲಗಾಲು ಬಂತು, ಬೋರ್ಡಿನ ದೀಪ ಹತ್ತಲಿಲ್ಲ. ಅದಕ್ಕೇ ಅಂಗಾತ ಹಾಕಿ, ಒಂದೊಂದೇ ಕಾಲು ಬಗ್ಗಿಸಿ ಕೂರಿಸ್ದೆ. ಈಗ ನಲವತ್ತೂ ಹತ್ತುತ್ವೆ."

"ಮತ್ತೆ ಒಳಗೆ ಇದನ್ನ ಹೇಳಬಾರದಿತ್ತಾ?"

ಪುಟ್ಟತಾಯಮ್ಮ ದನಿ ತಗ್ಗಿಸಿದರು. "ನೀವೂ ಹೇಳಬೇಡಿ ಸಾರ್, ಪಾಪ, ನಿಮಗೆ ಬಯ್ತಾರೆ."