ಹನ್ನೆರಡನೇ ಸಲ ಮನೆಗೆ ಬಂದವನು

ಹನ್ನೊಂದನೇ ಸಲ ಮಗ ಹೊಸ್ತಿಲು ದಾಟಿ ಬಂದ, ತಾಯಿಯನ್ನು ತಬ್ಬಿಕೊಂಡ, ಅತ್ತ. ಹನ್ನೊಂದನೇ ಸಲವೂ ನಿರ್ದೇಶಕ ಕ್ಲೆಮಾಂ "ಕಟ್!" ಎಂದು ಕೂಗಿ ತಲೆ ಚಚ್ಚಿಕೊಂಡ.

"ತಿಬೋ, ನೀನು ರಷ್ಯಾದ ಯುದ್ಧದಿಂದ ಎರಡು ವರ್ಷ ನಡ್ಕೊಂಡು ಬಂದಿದ್ದೀಯಪ್ಪಾ. ಪ್ಯಾರಿಸ್ಸಿಂದ ರೈಲಲ್ಲಿ ಬಂದಿಳಿದೋನ ಥರ ಅಳ್ತಿದ್ದೀಯಲ್ಲ!"

"ಅಳೋಕೆ ಇನ್ನು ಕಣ್ಣಲ್ಲಿ ನೀರೇ ಉಳಿದಿಲ್ಲ," ಎಂದ ನಟ ತಿಬೋ. ಇನ್ನೂರು ವರ್ಷದ ಹಿಂದಿನ ಸೈನಿಕನ ಪಾತ್ರಕ್ಕೆಂದು ಹಾಕಿದ್ದ ಬೂಟು ಬೇರೆ ಅವನ ಕಾಲು ಕಚ್ಚುತ್ತಿತ್ತು.

ಇದು ಸಿನಿಮಾದ ಕೊನೆಯ ದೃಶ್ಯ, ಚಿತ್ರೀಕರಣದ ಕೊನೆಯ ದಿನ. ಬಾಗಿಲಿಂದ ಬೀಳುವ ಸಂಜೆ ಬಿಸಿಲು ಇನ್ನು ಹತ್ತು ನಿಮಿಷ ಇದ್ದರೆ ಹೆಚ್ಚು. ಅಷ್ಟರಲ್ಲಿ ಮಗ ಮನೆ ಸೇರದಿದ್ದರೆ ಇಡೀ ಸಿನಿಮಾ ನಡುದಾರಿಯಲ್ಲೇ. ತಾಯಿಯ ಪಾತ್ರದ ನಟಿ ಬೆಳಿಗ್ಗೆ ಕಾಲು ಉಳುಕಿಸಿಕೊಂಡಿದ್ದರಿಂದ, ಚಿತ್ರೀಕರಣಕ್ಕೆ ತನ್ನ ಅಡುಗೆಮನೆ ಬಿಟ್ಟುಕೊಟ್ಟಿದ್ದ ಮುದುಕಿ ಸೋಲಾಂಜಳಿಗೇ ಆ ಪಾತ್ರದ ಲಂಗ ತೊಡಿಸಿ ಒಲೆಯ ಮುಂದೆ ನಿಲ್ಲಿಸಿದ್ದರು. ಹೇಳಿಕೊಟ್ಟಿದ್ದು ಇಷ್ಟೇ: ಬಾಯಿ ಬಿಡಬೇಡಿ, ತಬ್ಬಿಕೊಳ್ಳಿ.

"ತಬ್ಬಿ ತಬ್ಬಿ ಪಕ್ಕೆಲುಬು ನೋಯ್ತಿದೆ ಕಣಪ್ಪಾ," ಎಂದಳು ಸೋಲಾಂಜ್. "ಅಲ್ಲ, ಅಷ್ಟು ದೂರ ನಡೆದು ಬಂದೋನಿಗೆ ಹಸಿವೇ ಆಗಲ್ವಾ? ಅಲ್ಲಿ ಸೂಪು ಆರಿಹೋಗ್ತಿದೆ."

"ಅದು ಸುಮ್ನೆ ಹಬೆ ಕಾಣ್ಲಿ ಅಂತ ಇಟ್ಟಿರೋದು, ಮದಾಂ," ಎಂದ ಕ್ಲೆಮಾಂ.

"ನಾನು ಮಾಡಿರೋದು ಕಣಯ್ಯಾ! ಹಬೆ ಬರ್ಲಿ ಅಂತ ಯಾರಾದ್ರೂ ಎಲೆಕೋಸು, ಹಂದಿಮಾಂಸ ಹಾಕ್ತಾರಾ?"

ಕ್ಯಾಮೆರಾ ಓಡಿತು. ಹನ್ನೆರಡನೇ ಸಲ ತಿಬೋ ಒಳಗೆ ಬಂದ. ಪಾಪ, ಈಗ ನಿಜಕ್ಕೂ ಸುಸ್ತಾಗಿದ್ದ. ತಬ್ಬುವುದನ್ನೇ ಮರೆತು ಬೆಂಚಿನ ಮೇಲೆ ಕುಸಿದು ಕೂತ. ಕೈಗೆ ಏನಾದರೂ ಕೆಲಸ ಬೇಕಲ್ಲ, ಮೇಜಿನ ಮೇಲಿದ್ದ ದುಂಡು ಬ್ರೆಡ್ಡನ್ನು ಎತ್ತಿ ಮೂಸಿ ಕೆಳಗಿಟ್ಟ. ಬೋರಲಾಗಿ ಇಟ್ಟ.

ಸೋಲಾಂಜಳಿಗೆ ಮೈಯೆಲ್ಲ ಉರಿದುಹೋಯಿತು. ಬ್ರೆಡ್ಡು ಬೋರಲಾದರೆ ಮನೆಗೆ ಕೇಡು; ಈ ಮೇಜಿನ ಮೇಲೆ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಇಟ್ಟವರಿಲ್ಲ. ಕ್ಯಾಮೆರಾ, ಸಿನಿಮಾ ಎಲ್ಲ ಮರೆತು ಅವನ ಕೈಮೇಲೆ ಪಟಾರನೆ ಒಂದು ಕೊಟ್ಟಳು.

"ದೇಶ ಎಲ್ಲ ಸುತ್ತಿ, ಬ್ರೆಡ್ಡು ಇಡೋದನ್ನೂ ಮರೆತುಬಿಟ್ಯೇನೋ?" ಎನ್ನುತ್ತಲೇ, ಕೊಯ್ಯುವ ಮುಂಚೆ ಎಂದೂ ಮಾಡುವಂತೆ, ಅದರ ತಳಕ್ಕೆ ಚಾಕುವಿನಿಂದ ಶಿಲುಬೆಯ ಗೀರು ಎಳೆದಳು, ನೆಟ್ಟಗೆ ತಿರುಗಿಸಿ ದಪ್ಪನೆಯ ಹೋಳು ಕೊಯ್ದಳು, ಬಟ್ಟಲಿಗೆ ಸೂಪು ಹಾಕಿ ಅವನ ಮುಂದೆ ತಳ್ಳಿದಳು. "ತಿನ್ನು. ಎಷ್ಟು ಸೊರಗಿಹೋಗಿದ್ದೀಯ ನೋಡು."

ತಿಬೋ ಕೈ ಉಜ್ಜಿಕೊಳ್ಳುತ್ತ ಅವಳ ಮುಖ ನೋಡಿದ. ಮೊದಲು ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ತಿನ್ನತೊಡಗಿದ. ಮೈಕು ಹಿಡಿದಿದ್ದವನೂ ಮೂಗೆಳೆದುಕೊಂಡ.

"ಕಟ್!" ಕ್ಲೆಮಾಂ ಕುಣಿದೇಬಿಟ್ಟ. "ಇದೇ ನೋಡಿ ನಂಗೆ ಬೇಕಾಗಿದ್ದು! ಮದಾಂ, ನಿಮ್ಮ ಕೈಗೊಂದು ಮುತ್ತು ಕೊಡ್ಬೇಕು. ಇನ್ನೂ ಎರಡು ನಿಮಿಷ ಬಿಸಿಲಿದೆ, ಯಾವುದಕ್ಕೂ ಇರಲಿ, ಇನ್ನೊಂದೇ ಒಂದು ಸಲ. ತಿಬೋ, ಏಳು, ಬಾಗಿಲಾಚೆ ಹೋಗಿ ನಿಂತ್ಕೊ."

ತಿಬೋ ಏಳಹೊರಟ. ಸೋಲಾಂಜ್ ಅವನ ಹೆಗಲು ಒತ್ತಿ ಕೂರಿಸಿದಳು.

"ಎಲ್ಲಿಗೂ ಕಳಿಸಲ್ಲ, ಹೋಗಯ್ಯಾ," ಎಂದಳು. "ಈಗಷ್ಟೇ ಮನೆಗೆ ಬಂದಿದಾನೆ."