ಅಕ್ಕನ ಲಾಟರಿ

"ಒಟ್ಟಿಗೆ ಬೇಕೋ, ವರ್ಷ ವರ್ಷ ಬೇಕೋ, ಹೇಳಿ ಅಮ್ಮ," ಎಂದು ಲಾಟರಿ ಕಚೇರಿಯ ಅಧಿಕಾರಿ ಕೇಳಿದಾಗ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಆ ಹೆಂಗಸು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿ ಕೂತಿದ್ದ ತಮ್ಮನೇ ಉತ್ತರ ಕೊಟ್ಟ: "ಒಟ್ಟಿಗೇ ಕೊಡಿ ಸಾರ್. ಅಕ್ಕಂಗೆ ನನ್ನ ಬಿಟ್ರೆ ಯಾರಿದಾರೆ?"

ಆ ಮಾತೇ ಅವಳನ್ನು ಹೆದರಿಸಿದ್ದು. ಇದ್ದೀಯಾ ಸತ್ತೆಯಾ ಎಂದು ವರ್ಷಗಟ್ಟಲೆ ಕೇಳದಿದ್ದವನು, ಬಹುಮಾನದ ಸುದ್ದಿ ಕಿವಿಗೆ ಬಿದ್ದದ್ದೇ ಬಂದು ಅವಳ ಕೋಣೆಯಲ್ಲಿ ಬಿಡಾರ ಹೂಡಿದ್ದ. ಕೈಯಾರೆ ಅಡುಗೆ ಮಾಡಿ ಬಡಿಸುತ್ತಿದ್ದ. ತಾನು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ನಿನ್ನೆ ಅವಳು ಊಟವನ್ನು ಕದ್ದು ಚೆಲ್ಲಿ ಹಸಿದೇ ಮಲಗಿದ್ದಳು.

"ನಾನು ಸತ್ರೆ?" ಎಂದು ಅಧಿಕಾರಿಯನ್ನು ಕೇಳಿದಳು.

"ಒಟ್ಟಿಗೆ ತಗೊಂಡ್ರೆ ಉಳಿದಿದ್ದು ನಿಮ್ಮ ತಮ್ಮಂಗೆ ಹೋಗುತ್ತೆ. ವರ್ಷ ವರ್ಷ ಅಂದ್ರೆ ನೀವು ಇರೋ ತನಕ ಅಷ್ಟೇ. ಆಮೇಲೆ ಯಾರಿಗೂ ಬಿಡಿಗಾಸಿಲ್ಲ."

"ವರ್ಷ ವರ್ಷಾನೇ ಬರ್ಕೊಳ್ಳಿ."

"ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ?" ತಮ್ಮ ಎದ್ದು ನಿಂತ. ಅವಳು ತಲೆ ಎತ್ತದೆ ಸಹಿ ಹಾಕಿದಳು.

ಆಗಷ್ಟೇ ಒರೆಸಿದ್ದ ಮೆಟ್ಟಿಲು ಇನ್ನೂ ಒದ್ದೆಯಾಗಿತ್ತು. ಇಳಿಯುತ್ತಿದ್ದವಳು ಹಿಂದಿನಿಂದ ಅವನ ದಾಪುಗಾಲಿನ ಸದ್ದು ಕೇಳಿ ಗೋಡೆಗೆ ಒತ್ತಿಕೊಂಡಳು. ಅವನು ಬಂದವನೇ ಅವಳ ತೋಳನ್ನು ಬಿಗಿಯಾಗಿ ಹಿಡಿದ. ಅವನ ಮುಖ ಬಿಳಿಚಿಕೊಂಡಿತ್ತು.

"ನಿಧಾನ ಅಕ್ಕಾ," ಎಂದ. "ಬಿದ್ದುಗಿದ್ದೀಯ!"