ಮೇಷ್ಟ್ರ ವಿವರಣೆ

ಇನ್ನೊಬ್ಬರ ಸಂದರ್ಶನದ ಕಥೆ ಹೇಳುತ್ತಿದ್ದೇನೆ, ಕ್ಷಮೆಯಿರಲಿ. ಅಲ್ಲಿ ನಾನೂ ಒಬ್ಬ ಅಭ್ಯರ್ಥಿಯಾಗಿದ್ದೆ.

ಬಂಗಾಳದ ಮಿತಾಲಿ ಮತ್ತು ನಾನು ಒಂದೇ ಸಂಜೆ ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಲು ಕಲಿಯುತ್ತಿದ್ದೆವು. ಹಲ್ಲಿನ ಡಾಕ್ಟರ ಬಳಿ ರಿಸೆಪ್ಶನ್ ಕೆಲಸ ಸಿಗದಿದ್ದರೆ ಅವಳು ಊರಿಗೆ ವಾಪಸು ಹೋಗಬೇಕಿತ್ತು. ನಮ್ಮ ಮೇಷ್ಟ್ರು ಮಾತ್ರ ಒಂದೊಂದು ಇಂಗ್ಲಿಷ್ ವಾಕ್ಯಕ್ಕೂ ಅರ್ಧ ಗಂಟೆ ಕನ್ನಡದಲ್ಲಿ ವಿವರಣೆ ಕೊಡುತ್ತಿದ್ದರು.

"ಕನ್ನಡ ಗೊತ್ತಿಲ್ಲ ಸಾರ್," ಎಂದಳು ಮೊದಲ ವಾರ.

"ಗೊತ್ತಾಗೋವರೆಗೂ ಹೇಳ್ತೀನಮ್ಮ," ಎಂದರು ಮೇಷ್ಟ್ರು. ಮಾತಿಗೆ ತಪ್ಪುವವರಲ್ಲ, ಆರು ತಿಂಗಳು ಹೇಳಿದರು.

ಸಂದರ್ಶನದಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಇಂಗ್ಲಿಷಿನಲ್ಲಿ ಪರಿಚಯ ಕೇಳಿದರು. ನಾನು ಹೆಸರು ಹೇಳಿ ತಡವರಿಸಿದೆ. ಮಿತಾಲಿಗೆ ಅದೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಕೆನ್ನೆ ಊದಿಕೊಂಡಿದ್ದ ಅಜ್ಜಿಯೊಬ್ಬರು ನರಳುತ್ತಾ ಒಳಗೆ ಬಂದರು. ಮಿತಾಲಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಕೂತ್ಕೊಳ್ಳಿ ಅಜ್ಜಿ. ಯಾವತ್ತಿಂದ ನೋವು? ಊಟ ಮಾಡಿದ್ರಾ? ಬಿಪಿ ಮಾತ್ರೆ ಏನಾದ್ರೂ ತಗೋತೀರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾಳೆಯಿಂದ ಬಂದ್ಬಿಡಿ. ಅಲ್ಲಾ, ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತ್ರಿ?"

"ಇಂಗ್ಲಿಷ್ ಕ್ಲಾಸಲ್ಲಿ, ಸಾರ್."

ಅದೇ ಕ್ಲಾಸಿನಲ್ಲಿ ನಾನು ಏನು ಕಲಿತೆನೋ, ಇವತ್ತಿಗೂ ಗೊತ್ತಿಲ್ಲ.